ಎರೆ ಹೊಲದಲ್ಲಿ ಬೋನ್ಸಾಯ್ ಕಾಂಡ ಬಲಿತದ್ದು

ಬೋನ್ಸಾಯ್ ಗಿಡ ಹುಟ್ಟಿನಿಂದಲೇ ಕುಂಡದಲ್ಲಿ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕುಂಡದಲ್ಲಿ ಕಾಂಡ ದಪ್ಪವಾಗುವುದು ತೀರ ನಿಧಾನ. ಬೆರಳಿನಷ್ಟಿರುವ ಬಸರಿ ಸಸಿ ಮಣಿಕಟ್ಟಿನಷ್ಟು ಬಲಿಯಬೇಕಾದರೆ ಅದನ್ನು ಕೆಲವು ವರ್ಷ ನೆಲದಲ್ಲಿ ಬೆಳೆಯಲು ಬಿಡಬೇಕು.

ನಮ್ಮದು ಧಾರವಾಡ ಜಿಲ್ಲೆಯ ಅಣ್ಣಿಗೇರಿ ಕಡೆಯ ಎರೆ ಭೂಮಿ, ಅಂದರೆ ಕಪ್ಪು ಜೇಡಿ ಮಣ್ಣು. ಹಿಂಗಾರಿನ ಕಡಲೆ, ಜೋಳ, ಕುಸುಬೆಗೆ ಹೇಳಿ ಮಾಡಿಸಿದ ಮಣ್ಣು. ಎಳೆಯ ಬೇರಿಗೆ ಬಲು ಕಠಿಣ. ಮಳೆಗೆ ಉಬ್ಬಿ ಅಂಟಾಗುತ್ತದೆ, ಬೇಸಿಗೆಗೆ ಅಂಗೈ ತೂರುವಷ್ಟು ಬಿರಿಯುತ್ತದೆ. ಬಿರಿಯುವಾಗ ಅಡ್ಡ ಸಿಕ್ಕ ಬೇರನ್ನೂ ಹರಿದುಹಾಕುತ್ತದೆ.

ಮೊದಲ ವರ್ಷ ಎರಡಡಿ ಆಳದ ಗುಂಡಿ ತೆಗೆದು ಎರೆಯನ್ನು ಹೊರಗೆ ಹಾಕಿ, ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿ 11 ಸಸಿ ನೆಟ್ಟೆ. ಹಸ್ತ, ಚಿತ್ತೆಯ ಮಳೆ ಮುಗಿಯುವಷ್ಟರಲ್ಲಿ 7 ಸತ್ತಿದ್ದವು. ಕಿತ್ತು ನೋಡಿದರೆ ಬೇರು ಕಪ್ಪಗಾಗಿ ಕೊಳೆತ ವಾಸನೆ. ಹಗುರ ಮಣ್ಣಿಗೆ ಇಳಿದ ನೀರನ್ನು ಸುತ್ತಲಿನ ಜೇಡಿ ಹೊರಗೆ ಬಿಟ್ಟಿರಲಿಲ್ಲ. ಪ್ರತಿ ಗುಂಡಿಯೂ ನೀರು ತುಂಬಿದ ಬಾನಿಯಾಗಿತ್ತು. ಆ ದಿನ ಬದುವಿನ ಮೇಲೆ ಕುಳಿತಾಗ ಹೊಳೆಯಿತು: ಬೇವು, ಜಾಲಿ ಎಲ್ಲವೂ ಬದುವಿನ ಮೇಲೆಯೇ ನಿಂತಿದ್ದವು, ಕೆಳಗೆ ನೀರು ನಿಲ್ಲುವ ಕಡೆ ಒಂದೂ ಇರಲಿಲ್ಲ.

ಮರುವರ್ಷ ಗುಂಡಿ ತೆಗೆಯಲಿಲ್ಲ. ಮೂರಡಿ ಅಗಲ, ಒಂದೂವರೆ ಅಡಿ ಎತ್ತರದ ಏರುಮಡಿ ಕಟ್ಟಿದೆ. ಮಣ್ಣು ಹದದಲ್ಲಿದ್ದಾಗ ಮೇಲಿನ ಅರ್ಧ ಅಡಿ ಎರೆಯನ್ನು ಸಡಿಲಿಸಿ ಕಳಿತ ಗೊಬ್ಬರ ಬೆರೆಸಿದೆ. ಅದರ ಮೇಲೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಗೊಬ್ಬರ, ಜೊತೆಗೆ ಸ್ವಲ್ಪ ಅದೇ ಎರೆ. ಆ ಸ್ವಲ್ಪ ಎರೆ ಬೇಕೇ ಬೇಕು. ಮೇಲಿನ ಮಣ್ಣಿಗೂ ಕೆಳಗಿನದಕ್ಕೂ ತೀರ ಅಂತರವಾದರೆ ಬೇರು ಗಡಿಯಲ್ಲೇ ನಿಂತುಬಿಡುತ್ತದೆ. ಎರೆಗೆ ನಾಲ್ಕು ಬುಟ್ಟಿ ಮರಳು ಸುರಿದು ಕಲಸುವುದನ್ನಂತೂ ಯಾರೂ ಮಾಡಬಾರದು. ಒಣಗಿದ ಮೇಲೆ ಇಟ್ಟಿಗೆಯಂತಾಗುತ್ತದೆ.

ಪ್ರತಿ ಸಸಿಯ ಕೆಳಗೆ ಮೂರು ಇಂಚು ಆಳದಲ್ಲಿ ಒಂದು ಹಂಚಿನ ತುಂಡು ಇಟ್ಟೆ. ಹುಣಸೆಯ ತಾಯಿಬೇರನ್ನು ಕತ್ತರಿಸಿ, ಉಳಿದ ಬೇರುಗಳನ್ನು ಹಂಚಿನ ಮೇಲೆ ಸುತ್ತಲೂ ಹರಡಿ ಮಣ್ಣು ಮುಚ್ಚಿದೆ. ಮುಂದೆ ಬುಡದಲ್ಲಿ ಕಾಣಬೇಕಾದ ಅಗಲವಾದ ಬೇರು ಹೀಗೆಯೇ ಮೂಡುತ್ತದೆ. ಶಹಾಬಾದ್ ಫರಸಿ ಮನೆಯಲ್ಲೇ ಬಿದ್ದಿತ್ತು. ಆದರೆ ಅದು ಸುಣ್ಣಕಲ್ಲು, ನಮ್ಮ ಮಣ್ಣಿನಲ್ಲಿ ಸುಣ್ಣ ಮೊದಲೇ ಹೆಚ್ಚು ಎಂದು ಬಳಸಲಿಲ್ಲ. ಆ ಸುಣ್ಣದ ಕಾಟ ಮಧುಕಾಮಿನಿ ಗಿಡದಲ್ಲಿ ಕಂಡಿತು: ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಇದು ಕಬ್ಬಿಣದ ಕೊರತೆ. ಬುಡಕ್ಕೆ ಹಾಕಿದ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ) ಇಂಥ ಮಣ್ಣಿನಲ್ಲಿ ಬೇರಿಗೆ ದಕ್ಕುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಒಂದು ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ಸಂಜೆ ಎಲೆಗೆ ಸಿಂಪಡಿಸಿದ ಮೇಲೆ ಹಸಿರು ತಿರುಗಿತು. ಬಸರಿ, ಆಲ, ಹುಣಸೆಗೆ ಈ ತೊಂದರೆ ಬರಲಿಲ್ಲ.

ಬೇಸಿಗೆಯಲ್ಲಿ ಮಡಿಯ ಮೇಲೆ ನಾಲ್ಕು ಇಂಚು ಶೇಂಗಾ ಸಿಪ್ಪೆ ಹೊದಿಸುತ್ತೇನೆ. ಹೊದಿಕೆಯ ಕೆಳಗೆ ಮಣ್ಣು ಬಿರಿಯುವುದಿಲ್ಲ. ಬುಡದ ಹತ್ತಿರದ ಒಂದು ಕೊಂಬೆಯನ್ನು ಚಿವುಟದೆ ಆಳೆತ್ತರಕ್ಕೆ ಬೆಳೆಯಲು ಬಿಡುತ್ತೇನೆ. ಕಾಂಡ ದಪ್ಪವಾಗಿಸುವುದು ಆ ಕೊಂಬೆಯೇ. ಕೆಲಸ ಮುಗಿದ ಮೇಲೆ ಅದನ್ನು ಕತ್ತರಿಸುವಾಗ ಪ್ರತಿ ಸಲವೂ ಮನಸ್ಸು ಹಿಂಜರಿಯುತ್ತದೆ.

ಬಲಿತ ಗಿಡವನ್ನು ಕುಂಡಕ್ಕಾಗಿ ನೆಲದಿಂದ ಎತ್ತುವ ಕೆಲಸಕ್ಕೆ ತಾಳ್ಮೆ ಬೇಕು. ಒಣ ಎರೆಯಲ್ಲಿ ಹಾರೆಯೂ ಇಳಿಯದು, ಹಸಿಯಾಗಿದ್ದರೆ ಬೇರಿನೊಂದಿಗೆ ಮುದ್ದೆಯಾಗಿ ಬರುತ್ತದೆ. ಹಿಂದಿನ ವರ್ಷವೇ ಬುಡದಿಂದ ಒಂದು ಅಡಿ ದೂರದಲ್ಲಿ ಸಲಿಕೆಯಿಂದ ಅರ್ಧ ಸುತ್ತು ಬೇರು ಕತ್ತರಿಸಿರುತ್ತೇನೆ. ಹತ್ತಿರದಲ್ಲೇ ಸಣ್ಣ ಬೇರು ಒಡೆಯುತ್ತವೆ. ಅಡ್ಡಮಳೆ ಬಿದ್ದು ಮೂರು ನಾಲ್ಕು ದಿನವಾದ ಮೇಲೆ ಹಿಡಿ ಮಣ್ಣು ಒತ್ತಿ ನೋಡುತ್ತೇನೆ. ಉಂಡೆಯಾಗಿ, ಬೆರಳು ತಾಗಿಸಿದರೆ ಉದುರಿದರೆ ಹದ ಬಂದಿದೆ. ಎತ್ತಿದ ಗಿಡವನ್ನು ನೀರಿನಲ್ಲಿ ನೆನೆಸಿ, ಬಿದಿರು ಕಡ್ಡಿಯಿಂದ ಎರೆಯನ್ನೆಲ್ಲ ಬಿಡಿಸುತ್ತೇನೆ. ಒಂದು ಗಡ್ಡೆ ಉಳಿದರೂ ಕುಂಡದೊಳಗೆ ಒಣಗಿ ಕಲ್ಲಾಗುತ್ತದೆ, ನೀರು ಅದರ ಪಕ್ಕದಿಂದ ಹರಿದುಹೋಗುತ್ತದೆ.

ನಾಲ್ಕನೆಯ ವರ್ಷ ಮೂರು ಬಸರಿ ಎತ್ತಿದೆ, ಮೂರೂ ಚಿಗುರಿವೆ. ಹುಣಸೆಗಳನ್ನು ಇನ್ನೂ ಎರಡು ಬೇಸಿಗೆ ಅಲ್ಲಿಯೇ ಬಿಡುತ್ತೇನೆ, ಅವುಗಳ ಕಾಂಡ ಇನ್ನೂ ಹೆಬ್ಬೆರಳಿನಷ್ಟೇ ಇದೆ.