ಕಾವಿ ಕಾವಿಯಾಗಿ ಬರಲು ಎರಡು ವರ್ಷ ಹಿಡಿಯಿತು

ಕೊಪ್ಪಳದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವರಿಗೆ ಜನವರಿ ಅಂದರೆ ಗವಿಮಠದ ಜಾತ್ರೆ. ಆ ದಿನಗಳಲ್ಲಿ ಮಷಿನ್ ಆಫ್ ಆಗುವುದೇ ಇಲ್ಲ. ಅಂಥ ಒಂದು ಜಾತ್ರೆಯ ಹಿಂದಿನ ದಿನ ಹಳ್ಳಿ ಹುಡುಗರು ನಾನು ಕೊಟ್ಟ ಆರು ಬ್ಯಾನರನ್ನೂ ವಾಪಸ್ ತಂದು ಕೌಂಟರ್ ಮೇಲೆ ಹಾಕಿದರು. "ಅಣ್ಣಾ, ನಮ್ಮೂರ ಅಜ್ಜಾರ ಕಾವಿ ಬಟ್ಟಿ ಟೊಮೇಟೊ ಆಗೈತಲ್ಲ, ಇದನ್ನ ಹೆಂಗ್ ಕಟ್ಟೂದು?"

ಟೊಮೇಟೊನೇ ಆಗಿತ್ತು, ಸುಳ್ಳಲ್ಲ. ಅದೇ ಫೈಲ್ ದೀಪಾವಳಿಗೆ ಹೊಡೆದಾಗ ಚೆನ್ನಾಗಿ ಬಂದಿತ್ತು. ನಡುವೆ ಬದಲಾಗಿದ್ದು ಫ್ಲೆಕ್ಸ್ ರೋಲ್ ಮತ್ತು ಮಜೆಂಟಾ (ನೇರಳೆಗೆಂಪು) ಇಂಕಿನ ಕ್ಯಾನ್, ಎರಡೇ.

ನಾವೆಲ್ಲ ಆಗ ಏನು ಮಾಡುತ್ತೇವೆ? ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರ್ ತೆರೆದು ಮಜೆಂಟಾ ಹತ್ತು ಇಳಿಸುತ್ತೇವೆ, ಹಳದಿ ಏರಿಸುತ್ತೇವೆ. ನಾನೂ ಐದು ವರ್ಷ ಅದನ್ನೇ ಮಾಡಿದೆ. ಕಾವಿ ಸರಿ ಮಾಡಿದರೆ ಮುಖಕ್ಕೆ ಕಾಮಾಲೆ. ಮುಖ ಸರಿ ಮಾಡಿದರೆ ಹಿಂದಿನ ಬೂದು ಬಣ್ಣ ಹಸಿರು. ಮರುಮುದ್ರಣಕ್ಕೇ ತಿಂಗಳಿಗೆ ಏನಿಲ್ಲವೆಂದರೂ 8-10 ಸಾವಿರ ಹೋಗುತ್ತಿತ್ತು.

ಗಂಗಾವತಿಯ ಗೆಳೆಯನೊಬ್ಬ, ನಾನು ಸೇರಿ ಬಣ್ಣ ಅಳೆಯುವ ಮೀಟರ್, ಸೆಕೆಂಡ್ ಹ್ಯಾಂಡ್ ಸ್ಪೆಕ್ಟ್ರೋ ಒಂದು ತಂದೆವು. 75 ಸಾವಿರದ ಹತ್ತಿರ, ಅರ್ಧರ್ಧ. ಊರಲ್ಲಿ ನಕ್ಕಿದ್ದೇ ನಕ್ಕಿದ್ದು. "ಎಂಟು ದಿನಕ್ಕ ಹರಿಯೋ ಫ್ಲೆಕ್ಸಿಗೆ ಥರ್ಮಾಮೀಟರ್ ಇಡ್ತಾನಂತ" ಎಂದರು. ಮೊದಲ ಆರು ತಿಂಗಳು ಅವರು ನಕ್ಕಿದ್ದು ಸರಿಯಾಗಿಯೇ ಇತ್ತು ಅನ್ನಬೇಕು.

ಅಳೆಯಲೆಂದು ಹೊಡೆದ ಬಣ್ಣದ ಚೌಕಗಳನ್ನು ಮಷಿನ್ನಿನ ಹೀಟರ್‌ನಿಂದ ಇಳಿದ ಬಿಸಿಯಲ್ಲೇ ಓದಿಬಿಟ್ಟಿದ್ದೆ. ಸಾಲ್ವೆಂಟ್ ಇಂಕ್ ಪೂರ್ತಿ ಒಣಗುವವರೆಗೆ ಬಣ್ಣ ಸರಿಯುತ್ತಲೇ ಇರುತ್ತದೆ. ಈಗ ಸಂಜೆ ಹೊಡೆದು ಮರುದಿನ ಓದುತ್ತೇನೆ. ಇನ್ನೊಂದು, ಮಷಿನ್ ಜೊತೆ ಬಂದ ಸೆಟ್ಟಿಂಗ್ ಮೇಲೆಯೇ ಪ್ರೊಫೈಲ್ (ಯಾವ ಬಣ್ಣಕ್ಕೆ ಯಾವ ಇಂಕ್ ಎಷ್ಟು ಎಂಬ ಲೆಕ್ಕ) ಕಟ್ಟಿದ್ದೆ. ಅಡಿಪಾಯ ಇಲ್ಲದ ಮನೆ. ಇಂಕ್ ಲಿಮಿಟ್, ಅಂದರೆ ಒಂದು ಜಾಗಕ್ಕೆ ಬೀಳುವ ಇಂಕಿನ ಮಿತಿ, ಹಾಕದೆ ಹೊಡೆದರೆ ಕಪ್ಪು ಭಾಗ ಕೆಸರಾಗುತ್ತದೆ, ಸುತ್ತಿಟ್ಟರೆ ಹಿಂದಕ್ಕೆ ಅಂಟುತ್ತದೆ. ನಾವು ಬಳಸುವ ತೆಳು ಫ್ಲೆಕ್ಸಿಗೆ ನಾಲ್ಕೂ ಬಣ್ಣ ಸೇರಿ (ಒಂದೊಂದು ಪೂರ್ತಿ ಬಿದ್ದರೆ 100 ಪರ್ಸೆಂಟ್) 230ರ ಆಸುಪಾಸು ನಿಲ್ಲಿಸಿದೆ. ಆಮೇಲೆ ಲೀನಿಯರೈಸೇಷನ್ (ಪ್ರತಿ ಇಂಕೂ ತಿಳಿಯಿಂದ ದಟ್ಟಕ್ಕೆ ಸಮನಾಗಿ ಏರುವಂತೆ ಮಾಡುವುದು), ಕೊನೆಗೆ ಪ್ರೊಫೈಲ್. ಇಂಕ್ ಖರ್ಚು ಐದರಲ್ಲಿ ಒಂದು ಪಾಲು ಇಳಿಯಿತು. ಅದೊಂದರಿಂದಲೇ ನನ್ನ ಪಾಲಿನ ದುಡ್ಡು ವರ್ಷದೊಳಗೆ ವಾಪಸ್ ಬಂತು.

ಇಷ್ಟಾದರೂ ಫೋಟೋಗಳೆಲ್ಲ ಹಳದಿ ಹಳದಿ. ತಲೆ ಕೆಟ್ಟುಹೋಗಿತ್ತು. ಒಂದು ರಾತ್ರಿ ಕರೆಂಟ್ ಹೋದಾಗ ಸುಮ್ನೆ ಖೋಟಾ ನೋಟು ನೋಡುವ ನೇರಳೆ ಟಾರ್ಚನ್ನು ಖಾಲಿ ಫ್ಲೆಕ್ಸ್ ಮೇಲೆ ಬಿಟ್ಟೆ. ಉಜಾಲಾದಲ್ಲಿ ಅದ್ದಿದ ಪಂಚೆಯಂತೆ ಫಳ್ಳನೆ ನೀಲಿ ಹೊಳೆಯಿತು. ಫ್ಲೆಕ್ಸ್ ಬೆಳ್ಳಗೆ ಕಾಣಲೆಂದು ಸೇರಿಸುವ ಪುಡಿ ಅದು. ಮೀಟರ್ ಆ ನೀಲಿಯನ್ನು ಓದುತ್ತದೆ, ಪ್ರೊಫೈಲ್ ಅದನ್ನು ಮುಚ್ಚಲು ಹಳದಿ ಸುರಿಯುತ್ತದೆ. ಆ ಪುಡಿಯನ್ನು ಹೊಳೆಯಿಸುವ ಯುವಿ ಬೆಳಕನ್ನು ತಡೆಯುವ ಕ್ರಮದಲ್ಲಿ ಓದಿದೆ, ಹಳದಿ ಹೋಯಿತು. ಈಗ ಹೊಸ ರೋಲ್ ಬಂದರೆ ಮೊದಲು ಟಾರ್ಚ್, ಆಮೇಲೆ ಬಿಲ್.

ಏಪ್ರಿಲ್ ಬಂತು, ಮತ್ತೆ ಎಲ್ಲ ಕಪ್ಪಾಯಿತು. ಮಧ್ಯಾಹ್ನ ಅಂಗಡಿಯೊಳಗೇ 40 ಡಿಗ್ರಿ. ಇಂಕ್ ತೆಳುವಾಗಿ ಹನಿ ದಪ್ಪ ಬೀಳುತ್ತದೆ. ನನ್ನ ಮಷಿನ್ನಿನದು ಹಳೇ ಬೋರ್ಡು, ತಾನಾಗಿ ಸರಿಮಾಡಿಕೊಳ್ಳುವುದಿಲ್ಲ. ಇಂಕ್ ಚಿಮ್ಮಿಸುವ ಹೆಡ್ಡಿನ ವೋಲ್ಟೇಜ್ ಕೈಯಲ್ಲೇ ಇಳಿಸಬೇಕು. ಎಷ್ಟು ಅಂತ ಕೇಳಬೇಡಿ, ಅದು ಅಂಗಡಿ ಗುಟ್ಟು. ಬೇಸಿಗೆಗೊಂದು, ಚಳಿಗೊಂದು ಸೆಟ್ ಇಟ್ಟಿದ್ದೇನೆ, ಅಷ್ಟು ಹೇಳಬಲ್ಲೆ. ಕಾವಿಗೆ ರಿಪ್‌ನಲ್ಲಿ (ಫೈಲನ್ನು ಮಷಿನ್ನಿನ ಇಂಕಿಗೆ ತಿರುಗಿಸುವ ಸಾಫ್ಟ್‌ವೇರ್) ಹಾಕುವ ಸಣ್ಣ ತಿರುವನ್ನೂ ಹೇಳುವುದಿಲ್ಲ.

ನಡುವೆ ಕಿನ್ನಾಳದ ಮರದ ಗೊಂಬೆಗಳ ಫೋಟೋವನ್ನು ಬ್ಯಾಕ್‌ಲಿಟ್‌ನಲ್ಲಿ (ಹಿಂದಿನಿಂದ ಬೆಳಕು ಬಿಡುವ ಫ್ಲೆಕ್ಸ್) ಹೊಡೆಯಲು ಹೋಗಿ ಎರಡು ವಾರ ಕಳೆದೆ. ಕೆಂಪು ಬಂತು, ಹಳದಿ ಬಂತು. ಗಿಣಿಯ ಹಸಿರು ಮಾತ್ರ ಬರಲಿಲ್ಲ. ಗೊಂಬೆಯನ್ನೇ ಪಕ್ಕಕ್ಕಿಟ್ಟು ನೋಡಿದರೆ ನನ್ನದು ಬಾಡಿದ ಮೆಂತ್ಯ ಸೊಪ್ಪು. ನಾಲ್ಕು ಬಣ್ಣದ ಇಂಕಿಗೆ ಆ ಹಸಿರು ಎಟುಕುವುದಿಲ್ಲ. ಬ್ಯಾಕ್‌ಲಿಟ್ ಅಳೆಯಲು ನನ್ನ ಮೀಟರ್ರಿಗೂ ಬರುವುದಿಲ್ಲ, ಹಿಂದೆ ಟ್ಯೂಬ್‌ಲೈಟ್ ಹಚ್ಚಿ ಕಣ್ಣಳತೆಯಲ್ಲೇ ಮಾಡಿದೆ.

ವಾಟ್ಸ್ಯಾಪ್ ಫೋಟೋ ಬಗ್ಗೆ ಒಂದು ಮಾತು. ಡಿಸೈನ್ ಹುಡುಗರು ಕೋರೆಲ್‌ನಲ್ಲಿ ಅದನ್ನು ಸಿಎಂವೈಕೆ (ನಾಲ್ಕು ಇಂಕಿನ ಲೆಕ್ಕ) ಮಾಡಿ ಕೊಡುತ್ತಿದ್ದರು, ರಿಪ್ ಮತ್ತೊಮ್ಮೆ ತಿರುಗಿಸುತ್ತಿತ್ತು. ಈಗ ಆರ್‌ಜಿಬಿಯಲ್ಲೇ (ಸ್ಕ್ರೀನಿನ ಕೆಂಪು-ಹಸಿರು-ನೀಲಿ ಲೆಕ್ಕ) ಬಿಡಿ ಎಂದಿದ್ದೇನೆ. ಅರ್ಧ ಜಗಳ ಅಲ್ಲೇ ಮುಗಿಯಿತು.

ವಾರಕ್ಕೊಮ್ಮೆ ಒಂದಡಿ ಪಟ್ಟಿ ಹೊಡೆದು ಅಳೆಯುತ್ತೇನೆ. ಡೆಲ್ಟಾ ಇ, ಅಂದರೆ ಬಣ್ಣ ಎಷ್ಟು ಸರಿದಿದೆ ಎಂಬ ಅಳತೆ, ಮೂರರ ಒಳಗಿದ್ದರೆ ಮುಟ್ಟುವುದಿಲ್ಲ. ಮರುಮುದ್ರಣ ಈಗ ತಿಂಗಳಿಗೆ ಒಂದೋ ಎರಡೋ, ಅದೂ ಹೆಚ್ಚಾಗಿ ಹೆಸರು ತಪ್ಪಿದ್ದಕ್ಕೆ.

ಈ ಸಲದ ಜಾತ್ರೆಗೆ ಅದೇ ಹುಡುಗರು ಬಂದಿದ್ದರು. ಬ್ಯಾನರನ್ನು ಬಿಸಿಲಿಗೆ ಒಯ್ದು ಮೇಲೆ ಕೆಳಗೆ ನೋಡಿದರು. ಏನೂ ಅನ್ನದೆ ಸುತ್ತಿಕೊಂಡು ಹೋದರು. ಬಾಕಿ 1,200 ಇನ್ನೂ ಬಂದಿಲ್ಲ.