ಮ್ಯಾಕ್ರೋ ಮೌಸ್‌ನಾಗೇ ಸೇವ್ ಆದ್ರ ಕನ್ಸೋಲ್‌ನಾಗ ನಡೀತದ

ಪಿಎಸ್5, ಎಕ್ಸ್‌ಬಾಕ್ಸ್‌ಗೆ ಮೌಸು ಕೀಬೋರ್ಡು ಹಚ್ಚಿದ ಮ್ಯಾಲ ನಮ್ ಕಲಬುರಗಿ ಹುಡುಗರು ಕೇಳೋದು ಒಂದೇ, "ಅಣ್ಣಾ, ಮ್ಯಾಕ್ರೋ ಯಾಕ ನಡಿವಲ್ದು?" ಮ್ಯಾಕ್ರೋ ಅಂದ್ರ ಒಂದ್ ಬಟನ್ ಒತ್ತಿದ್ರ ಸಾಲಾಗಿ ಹಲವು ಕೀ ಒತ್ತಿದಂಗ ಆಗೋದು. ಹೆಂಗ ನಡೀತದ, ಮ್ಯಾಕ್ರೋ ಸಾಫ್ಟ್‌ವೇರ್ ಕಂಪ್ಯೂಟರ್‌ದು, ಕನ್ಸೋಲ್‌ನಾಗ ಅದು ಇನ್‌ಸ್ಟಾಲ್ ಆಗಲ್ಲ. ನಾನೂ ಮೇ ಬಿಸಲಾಗ ಸೂಪರ್ ಮಾರ್ಕೆಟ್ ಹತ್ರ ದೋಸ್ತನ ರೂಮಿಗೆ ಹೋಗಿ, ಅವನ ಲ್ಯಾಪ್‌ಟಾಪ್‌ನಾಗ ಒಂದ್ ತಾಸು ಕುಂತು ರೆಕಾರ್ಡ್ ಮಾಡಿ, ಮನಿಗಿ ಬಂದು ಹಚ್ಚಿದ್ರ ಬಟನ್ ಸುಮ್ನ ಬಿದ್ದಿತ್ತು. ಮಾಡಿದ್ದೆಲ್ಲ ಲ್ಯಾಪ್‌ಟಾಪ್‌ನಾಗೇ ಉಳದಿತ್ತು.

ಅದಕ್ಕ ಆನ್‌ಬೋರ್ಡ್ ಮೆಮರಿ, ಅಂದ್ರ ಮೌಸ್‌ನಾಗೇ ಸೆಟ್ಟಿಂಗ್ ಉಳಿಯೋ ಜಾಗ, ಇರೋ ಮೌಸೇ ತಗೋರಿ, ಅದ್ರಾಗೂ ಬರೇ ಡಿಪಿಐ (ಪಾಯಿಂಟರ್ ಓಡೋ ಸ್ಪೀಡು) ಅಲ್ಲ, ಮ್ಯಾಕ್ರೋನೂ ಸೇವ್ ಆಗ್ತದೇನು ಕೇಳ್ರಿ. ಆಟಾನೂ ಮೌಸ್ ಒಪ್ಪಬೇಕು, ಎಲ್ಲಾ ಒಪ್ಪಲ್ಲ. ಎಕ್ಸ್‌ಬಾಕ್ಸ್‌ನಾಗ ಮೌಸು ಕೀಬೋರ್ಡು ಚಾಲೂ ಆಗಿದ್ದು 2018ರ ನವೆಂಬರ್‌ನಾಗ, ಫೋರ್ಟ್‌ನೈಟ್, ವಾರ್‌ಫ್ರೇಮ್ ಮೊದಲಿನವು. ಎಕ್ಸ್‌ಬಾಕ್ಸ್‌ಗೆ ಬ್ಲೂಟೂತ್ ಮೌಸ್ ತರಬ್ಯಾಡ್ರಿ, ವೈರಿಂದು ಇಲ್ಲಾ ಯುಎಸ್‌ಬಿ ಡಾಂಗಲ್‌ದು ಬೇಕು.

ಈಗ ರೆಕಾರ್ಡಿಂಗ್. ಸೈಡ್ ಬಟನ್‌ಗೆ ಆರ್, 2, 1 ಅಂತ ಇಟ್ಟೀರಿ ಅನ್ಕೋರಿ, ರಿಲೋಡ್, ಗನ್ ಬದ್ಲಿ, ಮತ್ತ ವಾಪಸ್. ಎಲ್ರೂ ಎಡವೋದು ಟೈಮಿಂಗ್‌ನಾಗ. ಸೆಕೆಂಡಿಗಿ 60 ಫ್ರೇಮ್ (ಪರದೆ ಚಿತ್ರ) ಓಡೋ ಆಟದಾಗ ಒಂದ್ ಫ್ರೇಮಿಗಿ ಸುಮಾರು 16.7 ಮಿಲಿಸೆಕೆಂಡು, ನೀವು ಕೀ ಒತ್ತಿ ಬಿಡೋದು 5 ಮಿಲಿಸೆಕೆಂಡ್ ಇಟ್ರ ಆಟಕ್ಕ ಅದು ಒಮ್ಮೊಮ್ಮೆ ಕಾಣೋದೇ ಇಲ್ಲ, ಕಂಪ್ಯೂಟರ್‌ನಾಗ ನೋಟ್‌ಪ್ಯಾಡ್ ತೆಗೆದು ನೋಡಿದ್ರ ಅಕ್ಷರ ಚಂದ ಬೀಳ್ತಾವ, ಆಟದಾಗ ಮಾತ್ರ ಒಂದು ಬರ್ತದ ಒಂದು ಹೋಗ್ತದ. ಒತ್ತಿ ಹಿಡಿಯೋದು 40, ಎರಡು ಕೀ ನಡುವ 50 ಇಡ್ರಿ. ಆಮ್ಯಾಲ ಪ್ರೊಫೈಲ್‌ನ ಆನ್‌ಬೋರ್ಡ್‌ಗೆ ಸೇವ್ ಮಾಡಿ, ಸಾಫ್ಟ್‌ವೇರ್ ಪೂರಾ ಬಂದ್ ಮಾಡಿ, ಮೌಸ್ ಕಿತ್ತಿ ಮತ್ತ ಹಚ್ಚಿ ನೋಟ್‌ಪ್ಯಾಡ್‌ನಾಗ ಒತ್ತಿ ನೋಡ್ರಿ. ಅಲ್ಲಿ ಬಂತಂದ್ರನೇ ಮನಿಗಿ ಒಯ್ರಿ. ನಾ ಬಿಟ್ಟಿದ್ದು ಇದೇ ಒಂದು.

ಮೌಸನ್ನ ಕಂಟ್ರೋಲರ್ ಅಂತ ನಂಬಿಸೋ ಕನ್ವರ್ಟರ್ ಡಬ್ಬಿ ಮಾತ್ರ ಬ್ಯಾಡ. 2023ರಾಗ ರೇನ್‌ಬೋ ಸಿಕ್ಸ್ ಸೀಜ್‌ನವರು ಮೌಸ್‌ಟ್ರ್ಯಾಪ್ ಅಂತ ತಂದ್ರು, ಸಿಕ್ಕಿಬಿದ್ದವರಿಗಿ ಆಟಾನೇ ತಡಾ ಆಗಿ ರಿಯಾಕ್ಟ್ ಮಾಡೋ ಹಂಗ ಮಾಡಿದ್ರು, ಕಾಲ್ ಆಫ್ ಡ್ಯೂಟಿನೂ ಅದೇ ವರ್ಷ ಇಂಥ ಡಬ್ಬಿ ಹಿಡಿಲಾಕ ಹತ್ತಿತು. ಮ್ಯಾಕ್ರೋಕ್ಕೂ ಆಟಕ್ಕೊಂದ್ ರೂಲ್ ಇರ್ತದ, ರ‍್ಯಾಂಕ್ಡ್ ಆಡೋ ಮೊದ್ಲ ಓದ್ರಿ. ಟ್ರೇನಿಂಗ್ ಮೋಡ್‌ನಾಗ ಹತ್ತು ಸಲ ಒತ್ರಿ, ಎರಡು ತಪ್ಪಿದ್ರ ನಡುವಿನ ಗ್ಯಾಪ್ 10 ಮಿಲಿಸೆಕೆಂಡ್ ಏರಿಸ್ರಿ. ಅದಕ್ಕ ಮತ್ತ ಲ್ಯಾಪ್‌ಟಾಪೇ ಬೇಕು, ದೋಸ್ತನ ಮನಿ ದೂರ ಇದ್ರ ಮೊದ್ಲೇ ಎರಡು ಬಟನ್‌ಗೆ ಎರಡು ಗ್ಯಾಪ್ ಇಟ್ಟು ಸೇವ್ ಮಾಡ್ಕೊಂಡೇ ಬರ್ರಿ.