ಜರ್ಮನಿಯಿಂದ ಬಂದ ಕೂಸು, ಧಾರವಾಡದ ಹೊಸ ಮನಿ: ದಿನಾ ನಡಸೋದು ಹೆಂಗ

ಹೊರದೇಶದಾಗ ಹುಟ್ಟಿದ ಕೂಸು ನಿಮ್ಮೂರಿಗೆ ಇರಾಕಂತ ಬರತೈತಿ ಅಂದ್ರ, ಮೊದಲನೇ ಎರಡು ವಾರ ಒಂದ ನಿಯಮ ಇಟಗೋರಿ. ಜಾಗಾ ಬದಲಾಗೈತಿ, ಹೊತ್ತು ಬದಲಾಗೈತಿ, ಕೂಸಿಗೆ ಅಷ್ಟ ಸಾಕು. ಕುಡಿಯೋ ಹಾಲು, ಹಾಸಿಗಿ, ಮಲಗೋ ಮುಂದ ತಾಯಿ ಹೇಳೋ ಹಾಡು, ಇವನ್ನ ಯಾರೂ ಮುಟ್ಟಬಾರದು. ಆಮ್ಯಾಲ ಮೂರು ನಾಲ್ಕು ದಿನಕ್ಕೊಂದರಂಗ ಹೊಸಾದು ಸೇರಿಸ್ಕೋತ ಹೋಗ್ರಿ.

ನಾನು ಎ.ಎನ್.ಎಂ., ಅಂದ್ರ ಸರಕಾರಿ ದವಾಖಾನಿ ನರ್ಸಮ್ಮ ಆಗಿ ಹಳ್ಳಿ ಹಳ್ಳಿ ತಿರುಗಿ ನಿವೃತ್ತಿ ಆದಾಕಿ. ಮಗಾ ಸ್ಟುಟ್‌ಗಾರ್ಟಿನ್ಯಾಗ ಕೆಲಸಕ್ಕಿದ್ದ, ಸೊಸಿ ಅಲ್ಲಿಯಾಕಿನ. ಮೊಮ್ಮಗಳಿಗೆ ಏಳು ತಿಂಗಳಿದ್ದಾಗ ಸಪ್ತಾಪುರದಾಗ ಬಾಡಿಗಿ ಮನಿ ಹಿಡಿದ್ರು. ಕೂಸಿನ ವಿಷಯದಾಗ ಕಡೀ ಮಾತು ಸೊಸೀದು ಅಂತ ನಾವು ಮೊದಲ ದಿನಾನ ಮಾತಾಡಿಕೊಂಡ್ವಿ. ನೀವೂ ಹಂಗ ಮಾಡ್ರಿ. ಪರ ಊರು, ಪರ ಭಾಷಾ, ಸುತ್ತ ಹತ್ತು ಮಂದಿ ಬುದ್ಧಿ ಹೇಳಾವ್ರು. ಅದರಾಗ ಆ ತಾಯಿಗೆ ತನ್ನ ಕೂಸಿನ ಮ್ಯಾಲಾದ್ರೂ ಹಿಡಿತ ಇರಬೇಕು.

ಮೊದಲ ನಿದ್ದಿ ಮಾತು. ಚಳಿಗಾಲದಾಗ ಜರ್ಮನಿಗೂ ನಮಗೂ ನಾಲ್ಕೂವರಿ ತಾಸಿನ ಫರಕು. ಅಲ್ಲೆ ಸಂಜಿ 7ಕ್ಕ ಮಲಗೋ ಕೂಸಿಗೆ ಇಲ್ಲೆ ರಾತ್ರಿ 11.30ಕ್ಕ ನಿದ್ದಿ ಬರತೈತಿ. ಬ್ಯಾಸಗಿಯೊಳಗ ಅವರು ಗಡಿಯಾರ ಒಂದು ತಾಸು ಮುಂದ ಮಾಡತಾರ, ಆವಾಗ 10.30. ರಾತ್ರಿ ಬಡಿದಾಡಿ ಮಲಗಸಾಕ ಹೋಗಬ್ಯಾಡ್ರಿ, ಮುಂಜಾನಿಂದ ತಿದ್ದರಿ. ಇವತ್ತು 9ಕ್ಕ ಎಬ್ಬಿಸಿದ್ರ ನಾಳೆ 8.30, ನಾಡದು 8. ಎಬ್ಬಿಸಿದ ಕೂಡಲೇ ಕಟ್ಟಿ ಮ್ಯಾಲ ಬೆಳಕಿನ್ಯಾಗ ಕರಕೊಂಡು ಕುಂಡ್ರರಿ. ರಾತ್ರಿ ಎದ್ದು ಅತ್ತರ ಲೈಟ್ ಹಚ್ಚಬ್ಯಾಡ್ರಿ, ಮಾತಾಡಿಸಬ್ಯಾಡ್ರಿ, ಹಾಲು ಕುಡಿಸಿ ಅಲ್ಲೇ ಮಲಗಿಸ್ರಿ.

ಮಲಗೋ ಜಾಗಾ ಬಗ್ಗೆ ಎರಡೂ ಕಡೆಯಿಂದ ಸ್ವಲ್ಪ ಬಿಟ್ಟುಕೊಡಬೇಕು. ಅಲ್ಲೆ ಕೂಸಿಗೆ ಚೀಲದಂಥಾ ಅಂಗಿ ತೊಡಿಸಿ, ಬೆನ್ನ ಮ್ಯಾಲ, ಬರೇ ಗಟ್ಟಿ ಹಾಸಿಗಿ ಮ್ಯಾಲ ಮಲಗಸ್ತಾರ. ದಿಂಬಿಲ್ಲ, ಹೊದಿಕಿ ಇಲ್ಲ. ಇದು ಭಾಳ ಚಲೋ ಪದ್ಧತಿ, ಹಂಗ ಉಳಿಸ್ಕೋರಿ. ಆದ್ರ ಆ ದಪ್ಪ ಚೀಲ ನಮ್ಮ ಏಪ್ರಿಲ್ ರಾತ್ರಿಗೆ ಬ್ಯಾಡ, ತೆಳ್ಳನ್ನ ಹತ್ತಿ ಅಂಗಿ ಸಾಕು. ನಾ ಹೊಲಿದ ಕೌದಿ ಕೂಸಿನ ಕೆಳಗ ನೆಲದ ಮ್ಯಾಲ ಹಾಸಿ ಆಡಾಕ ಬಿಟ್ಟೆ, ಮ್ಯಾಲ ಹೊಚ್ಚಲಿಲ್ಲ. ಸೀರಿ ಜೋಳಿಗಿ ಕಟ್ಟಬೇಕಂತ ನಮ್ಮ ತಂಗಿ ಭಾಳ ಹಟಾ ಮಾಡಿದ್ಲು. ಹೊರಳಾಡೋ, ಎದ್ದು ಕುಂಡ್ರೋ ಕೂಸಿಗೆ ಅದು ಅಪಾಯ, ಕಟ್ಟಬ್ಯಾಡ್ರಿ. ಸೊಳ್ಳಿಗೆ ಪರದಿ ಕಟ್ಟರಿ. ಕಾಯಿಲ್ ಹೊಗಿ, ಲೋಬಾನದ ಹೊಗಿ ಎರಡೂ ಕೂಸಿನ ಎದಿಗೆ ಒಳ್ಳೇದಲ್ಲ.

ಎಣ್ಣಿ ಹಚ್ಚಿ ಎರಿಯೋದನ್ನ ಮಾತ್ರ ನಾನು ಬಿಡಲಿಲ್ಲ. ಸೊಸೀಗೆ ಮೊದಲ ಗಾಬರಿ ಆತು, ಆಮ್ಯಾಲ ತಾನ ಕಲತಳು. ಕುಸುಬಿ ಎಣ್ಣಿ ಸ್ವಲ್ಪ ಬೆಚ್ಚಗ ಮಾಡಿ, ಕಾಲಿಂದ ಸುರು ಮಾಡಿ ಹಗೂರಕ ತಿಕ್ಕರಿ. ಕೈಕಾಲು ಜಗ್ಗೋದು, ಮೂಗು ಹಿಂಡೋದು, ಕಿವಿ ಮೂಗಿನ್ಯಾಗ ಎಣ್ಣಿ ಬಿಡೋದು ಪೂರ್ತಿ ಬಂದ್. ಹಂಡೇದ ಸುಡು ನೀರು ತಂಬಿಗಿಲೆ ಸುರಿಯೋದೂ ಬ್ಯಾಡ. ಮೊಣಕೈ ಅದ್ದಿ ನೋಡ್ರಿ, ಬಿಸಿ ಅನ್ನಿಸಬಾರದು, ಬರೇ ಬೆಚ್ಚಗಿರಬೇಕು.

ಕಾಡಿಗಿ ಕಣ್ಣಿಗೆ ಹಚ್ಚಲೇಬ್ಯಾಡ್ರಿ, ಅದರಾಗ ಸೀಸ ಇರಬಹುದು. ಮಂದಿ ಬಿಡಂಗಿಲ್ಲ ಅನ್ನೋದು ನನಗ ಗೊತ್ತೈತಿ. ಬಾಜೂ ಮನಿಯಾಕಿ "ಏನ್ರಿ ಅಕ್ಕಾರ, ಇಷ್ಟು ಬೆಳ್ಳನ್ನ ಕೂಸು, ಒಂದು ಬೊಟ್ಟೂ ಇಲ್ಲಲ್ಲ?" ಅಂದ್ಲು. "ಅಂಗಾಲಿಗೆ ಹಚ್ಚೇವ್ರಿ ವೈನಿ" ಅಂದೆ. ಖರೇನ ಹಚ್ಚಿದ್ವಿ. ಅಲ್ಲಿಗೆ ಮುಗೀತು.

ಈಗ ಊಟ. ಏಳು ತಿಂಗಳ ಕೂಸಿಗೆ ಎದಿಹಾಲಿನ ಜೋಡಿ ದಿನಕ್ಕ ಎರಡು ಮೂರು ಸಲ ಮೆತ್ತನ ಊಟ ಬೇಕು, ಒಂಬತ್ತು ತಿಂಗಳಾದ ಮ್ಯಾಲ ಮೂರು ನಾಲ್ಕು ಸಲ. ಜರ್ಮನಿಯೊಳಗ ಗಜ್ಜರಿ, ಬಟಾಟಿ, ಮಾಂಸ ಕುದಿಸಿ ಅರದು ತಿನಸ್ತಾರ. ಮೊದಲ ಎರಡು ವಾರ ಸೊಸಿ ತನ್ನ ಗಜ್ಜರಿ ಬಟಾಟಿನ ಮಾಡಿದ್ಲು. ಆಮ್ಯಾಲ ಒಂದು ಹೊತ್ತಿಗೆ ಹೆಸರಬ್ಯಾಳಿ ಹಾಕಿದ ಮೆತ್ತನ ಅನ್ನ, ಮ್ಯಾಲೊಂದು ಹನಿ ತುಪ್ಪ. ಅದು ಒಗ್ಗಿದ ಮ್ಯಾಲ ಜ್ವಾಳದ ಹಿಟ್ಟಿನ ಗಂಜಿ, ಆಮ್ಯಾಲ ರಾಗಿ, ಆಮ್ಯಾಲ ನವಣಿ. ಚಮಚಾದಾಗ ತಗೊಂಡ್ರ ಸೋರಿ ಹೋಗದಷ್ಟು ಗಟ್ಟಿ ಇರಬೇಕು. ನೀರಾದ ಗಂಜಿಯಿಂದ ಹೊಟ್ಟಿ ತುಂಬತೈತಿ, ಮೈ ತುಂಬಂಗಿಲ್ಲ.

ನಮ್ಮ ಮನ್ಯಾಗ ಮಾಂಸ ಬೇಯಂಗಿಲ್ಲ. ಸೊಸಿ "ಅತ್ತಿ, ಹಂಗಾದ್ರ ಇಕಿಗೆ ಕಬ್ಬಿಣಾಂಶ ಎಲ್ಲಿಂದ?" ಅಂತ ಕೇಳಿದ್ಲು. ಸರಿಯಾದ ಪ್ರಶ್ನಿ ಅದು, ನಮ್ಮ ಎಷ್ಟೋ ತಾಯಂದ್ರು ಕೇಳೋದ ಇಲ್ಲ. ಬ್ಯಾಳಿಯೊಳಗ ಪಾಲಕ್ ಕುದಿಸಿ, ಇಳಿಸಿದ ಮ್ಯಾಲ ಎರಡು ಹನಿ ನಿಂಬಿಹಣ್ಣು ಹಿಂಡ್ರಿ. ಹುಳಿ ಇದ್ರ ಕಬ್ಬಿಣಾಂಶ ಮೈಗೆ ಚಲೋ ಹತ್ತತೈತಿ. ಇದರ ಜೋಡಿ ಆರು ತಿಂಗಳಿಂದ ಐದು ವರ್ಷದ ತನಕ ಸರಕಾರದ ಕಬ್ಬಿಣಾಂಶದ ಸಿರಪ್ ವಾರಕ್ಕ ಎರಡು ಸಲ, ಸಲಕ್ಕ 1 ಮಿ.ಲೀ. ಆಶಾ ಕಾರ್ಯಕರ್ತೆಯನ್ನ ಕೇಳ್ರಿ. ಜ್ವರ ಇದ್ದ ದಿನ ಹಾಕಬ್ಯಾಡ್ರಿ. ಮಾಂಸ ತಿನಿಸೋ ಮನಿ ಆದ್ರ ತಿನಸ್ರಿ, ಅದು ಅವರ ಒಲಿ.

ಶೇಂಗಾ ನಮ್ಮ ಕಡೆ ದಿನದ ತಿನಿಸು. ಹುರದು, ಸಿಪ್ಪಿ ತಗದು, ಹಿಟ್ಟಿನಂಗ ಸಣ್ಣಗ ಮಾಡಿ ಗಂಜಿಯೊಳಗ ಚಿಟಿಕಿ ಹಾಕಿ ಸುರು ಮಾಡ್ರಿ. ಸಣ್ಣವರಿದ್ದಾಗ ತಿಂದ ಮಕ್ಕಳಿಗೆ ಶೇಂಗಾ ಅಲರ್ಜಿ ಕಡಿಮಿ. ಆದ್ರ ಮೈಮ್ಯಾಲ ಇಸಬು ಇರೋ ಕೂಸಾದ್ರ ಮೊದಲ ಡಾಕ್ಟರ್‌ನ ಕೇಳ್ರಿ. ಇಡೀ ಕಾಳು ಐದು ವರ್ಷದ ತನಕ ಕೈಗೆ ಸಿಗಬಾರದು. ವರ್ಷ ತುಂಬೋತನಕ ಉಪ್ಪು, ಸಕ್ಕರಿ, ಬೆಲ್ಲ ಬ್ಯಾಡ. ಜೇನುತುಪ್ಪ ನಾಲಗಿಗೂ ಸವರಬಾರದು, ಕೂಸಿಗೆ ಅದರಾಗಿನ ಒಂದು ನಂಜು ಜೀವಕ್ಕ ಬರಬಹುದು. ಗುಟ್ಟಿ ತೇಯೋದೂ ಬಿಡ್ರಿ. ಪೇಡೆ ತುಣುಕು ಹಿಡಕೊಂಡು ಪ್ರೀತಿಲೆ ಬರೋ ಮಂದಿಗೆ "ಎರಡು ವರ್ಷ ಆಗಲಿ, ನಾನ ಕರಕೊಂಡು ಬರತೇನಿ" ಅನ್ರಿ.

ನೀರಿನ ವಿಷಯ ತಾಯಿಗೆ ಮೊದಲ ದಿನಾನ ಹೇಳ್ರಿ. ಅಲ್ಲೆ ನಳದ ನೀರು ಸೀದಾ ಕುಡಿದು ರೂಢಿ. ಇಲ್ಲೆ ಮಲಪ್ರಭಾ ನೀರು ನಳಕ್ಕ ಬಂದ್ರೂ, ಎಷ್ಟೋ ಓಣಿಯೊಳಗ ದಿನಗಟ್ಟಲೆ ಟಾಕಿಯೊಳಗ ನಿಂದರತೈತಿ. ಕೊತಕೊತ ಕುದಿಸಿ, ಮುಚ್ಚಿಟ್ಟು ಆರಿಸಿ ಕುಡಿಸ್ರಿ. ಚಮಚಾ, ಬಾಟಲಿ ನಿಪ್ಪಲ್ ಕಡೀ ಸಲ ತೊಳಿಯೋದೂ ಅದ ನೀರಿಲೆ. ಡಬ್ಬಿ ಹಾಲು ಕುಡಿಯೋ ಕೂಸಾದ್ರ, ನೀರು ಕುದ್ದ ಅರ್ಧ ತಾಸಿನ ಒಳಗ ಪುಡಿ ಕಲಿಸಿ, ಬಾಟಲಿ ತಣ್ಣೀರಿನ್ಯಾಗ ಹಿಡಿದು ಆರಿಸಿ ಕೊಡ್ರಿ. ಅಲ್ಲಿ ಡಬ್ಬಿಯ ಚಮಚಾ ಇಲ್ಲಿ ಡಬ್ಬಿಗೆ ಹಾಕಬಾರದು, ಅಳತಿ ಬ್ಯಾರೆ ಇರಬಹುದು.

ಲಸಿಕಿ ಬಗ್ಗೆ ನಾ ಸ್ವಲ್ಪ ಹೆಚ್ಚು ಹೇಳತೇನಿ, ಯಾಕಂದ್ರ ತಪ್ಪೋದು ಇಲ್ಲೇ. ಜರ್ಮನಿಯಿಂದ ಬರೋವಾಗ ಕೂಸಿನ ಎರಡು ಹಳದಿ ಪುಸ್ತಕ ತರತಾರ, ಒಂದು ತಪಾಸಣಿದು, ಒಂದು ಲಸಿಕೀದು. ಎರಡನ್ನೂ ಮಕ್ಕಳ ಡಾಕ್ಟರ್ ಮುಂದ ಇಡ್ರಿ. ಅಲ್ಲೆ ಆರು ರೋಗದ ಒಂದ ಸೂಜಿ ಎರಡು, ನಾಲ್ಕು, ಹನ್ನೊಂದು ತಿಂಗಳಿಗೆ ಹಾಕತಾರ. ನಮ್ಮ ಪೆಂಟಾ, ಅಂದ್ರ ಐದು ರೋಗದ ಸೂಜಿ, ಆರು, ಹತ್ತು, ಹದಿನಾಲ್ಕು ವಾರಕ್ಕ. ಅವರ ಸೂಜಿಯೊಳಗ ನಮ್ಮ ಪೆಂಟಾದ ಐದರ ಜೋಡಿ ಪೋಲಿಯೋನೂ ಸೇರಿರತೈತಿ. ಅಂದ್ರ ಏಳು ತಿಂಗಳ ಕೂಸಿಗೆ ಅಲ್ಲೆ ಎರಡ ಡೋಸ್ ಆಗಿರತಾವು, ಮೂರನೇದು ಯಾವಾಗ ಅಂತ ಡಾಕ್ಟರ್ ಹೇಳಬೇಕು.

ಕ್ಷಯದ ಲಸಿಕಿ ಬಿ.ಸಿ.ಜಿ. ಜರ್ಮನಿಯೊಳಗ 1998ರಿಂದ ಹಾಕಾಂಗಿಲ್ಲ. ನಮ್ಮಲ್ಲಿ ಕ್ಷಯ ಇನ್ನೂ ಐತಿ. ಸರಕಾರಿ ಕಾರ್ಯಕ್ರಮದಾಗ ಅದನ್ನ ಒಂದು ವರ್ಷದ ತನಕ ಹಾಕತಾರ, ಹುಟ್ಟುಹಬ್ಬ ದಾಟೋದರೊಳಗ ಕೇಳ್ರಿ. ದಡಾರದ ಸೂಜಿ ಅಲ್ಲೆ ಹನ್ನೊಂದು ತಿಂಗಳಿಗೆ, ಇಲ್ಲೆ ಒಂಬತ್ತು ತುಂಬಿದ ಕೂಡಲೇ ಎಂ.ಆರ್. (ದಡಾರ, ರುಬೆಲ್ಲಾ ಎರಡಕ್ಕೂ ಸೇರಿದ ಸೂಜಿ). "ನಮ್ಮ ಪುಸ್ತಕದಾಗ ಹನ್ನೊಂದು ಅಂತೈತಿ" ಅಂತ ಕಾಯಬ್ಯಾಡ್ರಿ. ಇರೋ ಊರಿನ ರೋಗಕ್ಕ ಇರೋ ಊರಿನ ಪಟ್ಟಿ. ಇಲ್ಲಿ ತಾಯಿ ಕಾರ್ಡ್ ಮಾಡಿಸಿ, ಹಾಕಿದ್ದೆಲ್ಲಾ ಎರಡೂ ಕಡೆ ಬರಿಸ್ರಿ, ತಿರುಗಿ ಹೋದಾಗ ಬೇಕಾಗತೈತಿ. ವಿಟಮಿನ್ ಡಿ ಹನಿ ದಿನಕ್ಕ 400 ಯೂನಿಟ್ ವರ್ಷದ ತನಕ ನಡೀಲಿ. ಇಲ್ಲೆ ಬಿಸಲು ಭಾಳ ಅಂತ ನಿಲ್ಲಿಸಬ್ಯಾಡ್ರಿ.

ಕೂಸು ನೋಡಾಕ ಬರೋ ಮಂದಿಗೆ ಬಾಗಲದಾಗ ಬಕೀಟು, ಸಾಬಾಣ ಇಡ್ರಿ. ಕೈಕಾಲು ತೊಳಕೊಂಡು ಒಳಗ ಬರೋದು ನಮ್ಮ ಹಳೇ ರೂಢಿ, ಯಾರಿಗೂ ಬ್ಯಾಸರ ಆಗಂಗಿಲ್ಲ. ಗಲ್ಲಕ್ಕ ಮುತ್ತು ಕೊಡೋದು ಬ್ಯಾಡ, ಪಾದಕ್ಕ ಕೊಡ್ರಿ ಅನ್ರಿ.

ಹೊರಗ ಹೋಗೋದಾದ್ರ ಸ್ಕೂಟಿ ಮ್ಯಾಲ ಕೂಸು ಬ್ಯಾಡ. ಹುಬ್ಬಳ್ಳಿಗೆ ಚಿಗರಿ ಬಸ್ಸು ಐತಿ, ಕೂಸನ್ನ ಎದಿಗೆ ಕಟಗೊಂಡು ಆರಾಮ ಹೋಗಬಹುದು. ಕಾರ್‌ನ್ಯಾಗ ಕೂಸಿನ ಸೀಟು ಅಲ್ಲಿಂದ ತಂದ್ರ ಇಲ್ಲೂ ಕಟ್ಟರಿ, ತೊಡಿ ಮ್ಯಾಲ ಕುಂಡ್ರಿಸಿಕೊಳ್ಳಾಕ ನಾವು ಎಷ್ಟ ಕೇಳಿದ್ರೂ ಕೊಡಬ್ಯಾಡ್ರಿ.

ಕಡೀಗೆ ಅವಸರದ ಮಾತು. ಹೊಸ ಊರಿನ್ಯಾಗ ಭೇದಿ ಸುರು ಆಗಬಹುದು. ಓ.ಆರ್.ಎಸ್. ಪಾಕೀಟು ಮನ್ಯಾಗ ಇರಲಿ, ದೊಡ್ಡ ಪಾಕೀಟಾದ್ರ ಪೂರ್ತಿ ಒಂದು ಲೀಟರ್ ನೀರಿಗೆ ಕಲಿಸಿ ಚಮಚಾಲೆ ಕುಡಿಸ್ರಿ, ಎದಿಹಾಲು ನಿಲ್ಲಿಸಬ್ಯಾಡ್ರಿ, ಜಿಂಕ್ 14 ದಿನ ಪೂರಾ ಕೊಡ್ರಿ. ಎರಡು ತಿಂಗಳಿಂದ ವರ್ಷದ ಒಳಗಿನ ಕೂಸು ನಿಮಿಷಕ್ಕ 50 ಅಥವಾ ಹೆಚ್ಚು ಸಲ ಉಸರಾಡಿದ್ರ, ಹಾಲು ಬಿಟ್ರ, ಎಬ್ಬಿಸಿದ್ರೂ ಮಂಕಾಗಿದ್ರ ಮನಿಮದ್ದು ಮಾಡ್ಕೋತ ಕುಂಡ್ರಬ್ಯಾಡ್ರಿ, 108ಕ್ಕ ಫೋನ್ ಹಚ್ಚರಿ. ಮನಿ ವಿಳಾಸ, ಹತ್ತರದ ಗುಡಿ, ತಿರುವು, ಮಾಲಕರ ಹೆಸರು ಇಷ್ಟನ್ನ ಕನ್ನಡದಾಗ ಹೇಳಾಕ ಸೊಸೀಗೆ ಕಲಿಸೇನಿ. ಅವರ ಲಿಪಿಯೊಳಗ ಬರದು ಫೋನಿನ ಬಾಜೂ ಗ್ವಾಡಿಗೆ ಹಚ್ಚೇವಿ. ಮಗಾ ಕೆಲಸಕ್ಕ ಹೋದಾಗ ಆಕಿ ಒಬ್ಬಾಕಿನ ಇದ್ರೂ ಗಾಡಿ ಬಾಗಲಿಗೆ ಬರಬೇಕು.